ಶನಿವಾರದ ಗಣೇಶ, ಗುರುವಾರದ ಚಂದ್ರ

ವೇದವತಿಯವರಿಗೆ ಕಾರು ಓಡಿಸಲು ಬರುತ್ತಿತ್ತು, ಲೈಸೆನ್ಸೂ ಇತ್ತು. ಆದರೂ ಸ್ವೀಡನ್ನಿನಲ್ಲಿ ಬಾಳಿದ ಇಪ್ಪತ್ತು ಚಿಲ್ಲರೆ ವರ್ಷ ಅವರು ಓಡಾಡಿದ್ದೆಲ್ಲ ಬಸ್ಸು, ಫೆರಿಗಳಲ್ಲೇ. "ಕಾರಲ್ಲಿ ಹೋದ್ರೆ ಗಂಡನ ಜೊತೆ ಮಾತಾಡ್ಬೇಕು. ಅದನ್ನ ಮನೇಲೇ ಮಾಡಬಹುದಲ್ಲ, ಪೆಟ್ರೋಲ್ ಯಾಕೆ ದಂಡ?" ಎನ್ನುತ್ತಿದ್ದರು. ಗಂಡ ಉಮಾಕಾಂತ ಪಕ್ಕದಲ್ಲೇ ಕೂತು ಇದನ್ನು ಕೇಳಿ ತಲೆಯಾಡಿಸುತ್ತಿದ್ದರು. ಅವರಿಗೂ ಒಪ್ಪಿಗೆಯೇ ಇದ್ದಂತಿತ್ತು.

ಉಮಾಕಾಂತರಿಗೆ ಕಾಲ್ಮಾರ್‌ನಲ್ಲಿ ಎಂಜಿನಿಯರ್ ಕೆಲಸ. ಮನೆ ಮಾತ್ರ ಸೇತುವೆಯಾಚೆ, ಓಲಾಂಡ್ ದ್ವೀಪದಲ್ಲಿ. ವೇದವತಿ ಅಲ್ಲಿನ ಒಂದು ಡಾಗಿಸ್‌ನಲ್ಲಿ, ಅಂದರೆ ಶಿಶುವಿಹಾರದಲ್ಲಿ, ಮಕ್ಕಳನ್ನು ನೋಡಿಕೊಳ್ಳುತ್ತಿದ್ದರು. ಮಕ್ಕಳಿಗಿಂತ ಹೆಚ್ಚು ತಂಟೆ ಮಾಡುವವರು ಅವರೇ ಎಂದು ಅಲ್ಲಿಯ ಮುಖ್ಯಸ್ಥೆ ಹೇಳಿದ್ದುಂಟು. ಸ್ವೀಡನ್ನಿನವರು ತಟ್ಟೆಯಲ್ಲಿ ಉಳಿದ ಕೊನೆಯ ತುಂಡು ಕೇಕನ್ನು ಮುಟ್ಟುವುದಿಲ್ಲ. ಮುಟ್ಟಿದರೆ ಆಸೆಬುರುಕರು ಅನ್ನಿಸಿಕೊಂಡಾರು ಎಂಬ ಸಂಕೋಚ. ವೇದವತಿ ಫಿಕಾದ, ಅಂದರೆ ಕಾಫಿ-ತಿಂಡಿಯ ಬಿಡುವಿನ, ಹೊತ್ತಿಗೆ ಆ ಕೊನೆಯ ತುಂಡಿನಲ್ಲಿ ಅರ್ಧ ಕೊಯ್ದು ತಿನ್ನುವರು. ಉಳಿದರ್ಧವನ್ನು ಬೇರೊಬ್ಬರು ಅರ್ಧ ಮಾಡುವರು. ಸಂಜೆಗೆ ತಟ್ಟೆಯಲ್ಲಿ ಇರುವೆಗೂ ಸಾಲದಷ್ಟು ಪುಡಿ ಉಳಿದು, ಅದನ್ನೂ ಯಾರೂ ಮುಗಿಸದೆ ನಿಂತಾಗ ವೇದವತಿ ಅಡುಗೆಮನೆಗೆ ಓಡಿಹೋಗಿ ಬಾಯಿಗೆ ಸೆರಗು ತುರುಕಿ ನಗುವರು. ಸೆರಗಿಲ್ಲದ ದಿನ ಏಪ್ರನ್.

ಎರಡು ಬೀದಿ ಆಚೆ ನಳಿನಿಯ ಮನೆ. ನಳಿನಿಯ ಗಂಡ ಭಾಸ್ಕರ ಐಟಿಯವನು. ಅವಳು ಗ್ರಂಥಾಲಯದಲ್ಲಿ ಕೆಲಸಕ್ಕಿದ್ದಳು. ರಸ್ತೆ ಖಾಲಿಯಿದ್ದರೂ ಕೆಂಪು ದೀಪಕ್ಕೆ ನಿಲ್ಲುವ ಹೆಂಗಸು. ಅವಳ ಗೃಹಪ್ರವೇಶಕ್ಕೆ ಬಂದ ಭಾಸ್ಕರನ ಸ್ವೀಡಿಷ್ ಮೇಲಧಿಕಾರಿಗೆ ವೇದವತಿ, ಹೊಸಿಲಲ್ಲಿ ಇಟ್ಟ ತೆಂಗಿನಕಾಯಿಗೆ ಮೂರು ಸಲ ತಲೆಬಾಗಿ ಒಳಗೆ ಬರುವುದು ನಮ್ಮ ಪದ್ಧತಿ ಎಂದು ನಂಬಿಸಿದ್ದರು. ಆತ ಈಗಲೂ ಅಂಗಡಿಯಲ್ಲಿ ತೆಂಗಿನಕಾಯಿ ಕಂಡರೆ ಕತ್ತು ಸ್ವಲ್ಪ ಬಗ್ಗಿಸುತ್ತಾನೆ. ಅಂದು ನಾಚಿಕೆಯಿಂದ ಕುಗ್ಗಿಹೋದ ನಳಿನಿ, ವಾರ ಕಳೆಯುವುದರೊಳಗೆ ವೇದವತಿಯನ್ನು ವೇದಕ್ಕ ಎಂದು ಕರೆಯತೊಡಗಿದ್ದಳು. ಎಲ್ಲಿಗೆ ಹೊರಟರೂ ವೇದಕ್ಕನ ಜೊತೆ ನಳಿನಿ. ಬ್ಯಾಗು ಹೊರಲು ಒಬ್ಬಳು, ನಾಚಿಕೆಪಡಲು ಒಬ್ಬಳು. ಎರಡೂ ಅವಳೇ.

ಅವರಿಬ್ಬರ ಅತಿ ದೂರದ ಪ್ರಯಾಣ ವೇದಕ್ಕನ ಮಗನ ಮನೆಗೆ. ಸಂದೀಪನಿಗೆ ಗಾಟ್ಲಂಡ್ ದ್ವೀಪದ ಸಿಮೆಂಟ್ ಕಾರ್ಖಾನೆಯಲ್ಲಿ ಕೆಲಸ. ಸಾಲದ್ದಕ್ಕೆ ಅವನು ಮನೆ ಮಾಡಿದ್ದು ಗಾಟ್ಲಂಡಿಗೂ ಆಚೆ, ಫೋರೊ ಎಂಬ ಇನ್ನೊಂದು ಚಿಕ್ಕ ದ್ವೀಪದಲ್ಲಿ. ಓಲಾಂಡಿನಿಂದ ಬಸ್ಸಿನಲ್ಲಿ ಕಾಲ್ಮಾರ್, ಇನ್ನೊಂದು ಬಸ್ಸಿನಲ್ಲಿ ಓಸ್ಕರ್ಸ್‌ಹಾಮ್ನ್ ಬಂದರು, ಅಲ್ಲಿಂದ ದೊಡ್ಡ ಹಡಗಿನಲ್ಲಿ ಗಾಟ್ಲಂಡಿನ ವಿಸ್ಬಿ, ರಾತ್ರಿ ಅಲ್ಲೇ ತಂಗಿ ಬೆಳಿಗ್ಗೆ ಮತ್ತೆ ಬಸ್ಸು, ಕೊನೆಗೆ ಹಳದಿ ಬಣ್ಣದ ಪುಟ್ಟ ಫೆರಿ. "ನನ್ನ ಮಗ ಅಮ್ಮನಿಂದ ಎಷ್ಟು ದೂರ ಓಡಬಹುದೋ ಅಷ್ಟು ಓಡಿದಾನೆ. ಇನ್ನು ಮುಂದೆ ಹೋದ್ರೆ ನೀರು" ಎಂದು ವೇದಕ್ಕ ಹೆಮ್ಮೆಯಿಂದಲೇ ಹೇಳುವರು.

೨೦೧೮ರ ಗಣೇಶನ ಹಬ್ಬಕ್ಕೆ ಹೊರಟಾಗ ಮಾತ್ರ ಅವರು ಹಾಗೆ ತಮಾಷೆ ಮಾಡಲಿಲ್ಲ. ಅಕ್ಟೋಬರಿನಲ್ಲಿ ಸಂದೀಪ, ಸೊಸೆ ದೀಪ್ತಿ ಇಬ್ಬರಿಗೂ ಒಂದು ತಿಂಗಳ ಹೊರಗಿನ ತರಬೇತಿ. ಮೂರು ವರ್ಷದ ಮೊಮ್ಮಗಳು ಚಾರ್ವಿಯನ್ನು ಅಷ್ಟು ದಿನ ಯಾರ ಹತ್ತಿರ ಬಿಡುವುದು? ಓಲಾಂಡಿನ ಅಜ್ಜಿಯ ಹತ್ತಿರವೋ, ಗೋಥೆನ್‌ಬರ್ಗ್‌ನಲ್ಲಿರುವ ದೀಪ್ತಿಯ ತಾಯಿಯ ಹತ್ತಿರವೋ? ವೇದಕ್ಕ ಆಗಲೇ ಪುಟ್ಟ ಮಂಚ ತರಿಸಿ, ಡಾಗಿಸ್‌ನಲ್ಲಿ ರಜೆ ಕೇಳಿ ಆಗಿತ್ತು. ಆದರೆ ಬೇಸಿಗೆಯಲ್ಲಿ ಬೀಗರು ಬಂದಿದ್ದಾಗ ಅವರ ಕಾಫಿಗೆ ಸಕ್ಕರೆಯ ಬದಲು ಉಪ್ಪು ಬಿದ್ದಿತ್ತು. ಲೋಟಗಳನ್ನು ಅಜ್ಜಿಯ ಕೈಯಿಂದ ತಗೊಂಡು ಬೀಗರಿಗೆ ಕೊಟ್ಟವಳು ಚಾರ್ವಿ.

"ಅತ್ತೆ, ನಂಗೂ ನಗು ಬಂತು, ಇಲ್ಲ ಅನ್ನಲ್ಲ," ಎಂದಿದ್ದಳು ದೀಪ್ತಿ. "ಆದ್ರೆ ಅವಳು ನಿಮ್ಮನ್ನ ನೋಡಿ ಕಲೀತಾಳೆ. ಒಂದು ತಿಂಗಳು ನಿಮ್ಮ ಜೊತೆ ಇದ್ರೆ ನಮ್ಮ ಗತಿ? ಹಬ್ಬಕ್ಕೆ ಬನ್ನಿ, ನೋಡೋಣ."

"ಈ ಸಲ ನನ್ನ ಮೇಲೆ ಒಂದೇ ಒಂದು ದೂರು ಬಂದ್ರೆ ಕೇಳು," ಎಂದು ಮಾತು ಕೊಟ್ಟಿದ್ದರು ವೇದಕ್ಕ. ಪರೀಕ್ಷೆಗೆ ಹೊರಟ ಹುಡುಗಿಯ ಹಾಗೆ ಬಸ್ಸು ಹತ್ತಿದರು.

ಕಡುಬಿನ ಪಾತ್ರೆ, ಗರಿಕೆಯ ಕಟ್ಟು, ಐದು ತೆಂಗಿನಕಾಯಿ. ಬಸ್ಸಿನಿಂದ ಬಸ್ಸಿಗೆ ಇವನ್ನೆಲ್ಲ ದಾಟಿಸಿ, ಗುರುವಾರ ಸಂಜೆ ಹಡಗಿನ ಹಿಂಬದಿಯ ಡೆಕ್ಕಿನ ಮೇಲೆ ನಿಂತಾಗ ನಳಿನಿಗೆ ಹಾಯೆನಿಸಿತು. ದಂಡೆ ಹಿಂದೆ ಸರಿಯುತ್ತಿತ್ತು. ಸೂರ್ಯ ಮುಳುಗಿದ ಕಡೆಯಿಂದ ಸ್ವಲ್ಪ ಎಡಕ್ಕೆ, ಕಾಡಿನ ಅಂಚಿಗೆ ತಾಗುವ ಹಾಗೆ ಎಳೆಯ ಚಂದ್ರ.

"ವೇದಕ್ಕಾ, ಅಲ್ಲಿ ನೋಡಿ, ಎಷ್ಟು ಚೆನ್ನಾಗಿದಾನೆ!"

ವೇದಕ್ಕ ನೋಡಿದರು. ಕಣ್ತುಂಬ ನೋಡಿದರು. ಫೋಟೋ ತೆಗೆದು ಗಂಡನಿಗೂ ಕಳಿಸಿದರು. ಮಂಡಿನೋವೆಂದು ಮನೆಯಲ್ಲೇ ಉಳಿದಿದ್ದ ಉಮಾಕಾಂತರ ಫೋನು ತಕ್ಷಣ ಬಂತು.

"ಏನೇ ವೇದಾ, ಚೌತಿ ಚಂದ್ರನ ಫೋಟೋ ಹೊಡೆದು ಕಳಿಸ್ತೀಯಲ್ಲ! ನೀನು ನೋಡಿದ್ದು ಸಾಲದು ಅಂತ ನಂಗೂ ತೋರಿಸ್ತಿದೀಯಾ?"

"ಚೌತಿ ಶನಿವಾರ ಅಲ್ವೇನ್ರೀ?"

"ಶನಿವಾರ ನಿನ್ನ ಮಗನ ಮನೇಲಿ. ಪಂಚಾಂಗದಲ್ಲಿ ಇವತ್ತೇ. ರಜೆ ಇಲ್ಲ ಅಂದ್ರೆ ಗಣೇಶ ಅಡ್ಜಸ್ಟ್ ಮಾಡ್ಕೋತಾನೆ. ಚಂದ್ರನಿಗೆ ಯಾರು ಹೇಳಿದ್ರು?"

ಅಷ್ಟಕ್ಕೆ ದಂಡೆ ದೂರವಾಗಿ ಸಿಗ್ನಲ್ ಹೋಯಿತು.

ಸ್ವೀಡನ್ನಿನ ಕನ್ನಡದವರಿಗೆ ಎಲ್ಲ ಹಬ್ಬವೂ ಶನಿವಾರವೇ. ಸೋಮವಾರದಿಂದ ಮೊಬೈಲಿನಲ್ಲಿ ಗಣೇಶನ ಶುಭಾಶಯಗಳು ಸುರಿಯುತ್ತಿದ್ದರೂ, ಅದರಲ್ಲಿ ನಿಜವಾದ ಚೌತಿ ಯಾವತ್ತೆಂದು ಇಬ್ಬರೂ ನೋಡಿರಲಿಲ್ಲ. ಚೌತಿಯ ಚಂದ್ರನನ್ನು ನೋಡಿದರೆ ಮಾಡದ ತಪ್ಪಿಗೆ ಅಪವಾದ ತಪ್ಪಿದ್ದಲ್ಲ. ಕೃಷ್ಣನಿಗೇ ಶಮಂತಕ ಮಣಿ ಕದ್ದ ಕಳಂಕ ಬಂದಿತ್ತು.

ನಳಿನಿಗೆ ನಗು ಬಂತು. ವೇದಕ್ಕನ ಮುಖ ನೋಡಿ ನಿಲ್ಲಿಸಿದಳು. ಲೋಕದಲ್ಲಿ ಎಲ್ಲವನ್ನೂ ಆಡಿಕೊಳ್ಳುವ ಆ ಹೆಂಗಸು ಇದೊಂದನ್ನು ನಂಬಿದ್ದರು. ಅರಸೀಕೆರೆಯಲ್ಲಿ ಚಿಕ್ಕವರಿದ್ದಾಗ ಚೌತಿಯ ರಾತ್ರಿ ಹಟಕ್ಕೆ ಚಂದ್ರನನ್ನು ನೋಡಿದ್ದರಂತೆ. ಮರುದಿನವೇ ಅತ್ತಿಗೆಯ ಓಲೆ ಕಳೆದು, ಇವರ ಕಿವಿ ಹಿಂಡಿದ್ದರಂತೆ.

"ನನ್ನ ಮೇಲೆ ದೂರು ಬಂದೇ ಬರತ್ತೆ ನಳಿನಿ. ಚಾರ್ವಿ ಗೋಥೆನ್‌ಬರ್ಗಿಗೇ ಹೋಗ್ತಾಳೆ," ಎಂದರು. ದನಿ ಸಣ್ಣಗಾಗಿತ್ತು.

"ಶಮಂತಕದ ಕಥೆ ಕೇಳಿದ್ರೆ ದೋಷ ಹೋಗತ್ತಂತಲ್ಲ, ಹೇಳಿ."

"ಒಂದು ಸಿಂಹ ಬರತ್ತೆ. ಆಮೇಲೆ ಕರಡಿ. ಯಾರು ಯಾರನ್ನ ಕೊಂದ್ರು ಅಂತ ಮರೆತುಹೋಗಿದೆ. ಅರ್ಧ ಕಥೆಗೆ ಅರ್ಧ ಪರಿಹಾರ ಸಿಗತ್ತೆ ಅಷ್ಟೆ." ಚಂದ್ರನಿಗೆ ಬೆನ್ನು ಹಾಕಿ ನಿಂತರು. ಮತ್ತೆ ಮುಖದಲ್ಲಿ ಹಳೆಯ ಕಳೆ ಮೂಡಿತು. "ಇನ್ನೊಂದು ದಾರಿ ಇದೆ. ನಮ್ಮೂರಲ್ಲಿ ಚಂದ್ರನ್ನ ನೋಡಿದೋರು ಪಕ್ಕದ ಮನೆ ಹೆಂಚಿನ ಮೇಲೆ ಕಲ್ಲು ಎಸೀತಿದ್ರು. ಅವರು ಹೊರಗೆ ಬಂದು ಚೆನ್ನಾಗಿ ಬೈತಿದ್ರು. ಬೈಸಿಕೊಂಡ್ರೆ ಅಪವಾದ ಅಲ್ಲಿಗೇ ತೀರಿಹೋಯ್ತು. ಫೋರೊ ಮುಟ್ಟೋದರೊಳಗೆ ಯಾರ ಹತ್ರನಾದ್ರೂ ಬೈಸಿಕೊಂಡುಬಿಡ್ತೀನಿ. ಅದೇನು ಮಹಾ!"

ಸ್ವೀಡನ್ನಿನಲ್ಲಿ ಅದು ಮಹಾ ಕಷ್ಟವೆಂದು ಇಬ್ಬರಿಗೂ ಆಮೇಲೆ ತಿಳಿಯಿತು.

ಹಡಗಿನಲ್ಲಿ ಸೀಟುಗಳಿಗೆ ನಂಬರಿದೆ. ವೇದಕ್ಕ ಹೋಗಿ ಒಬ್ಬ ಮುದುಕರ ಕಿಟಕಿ ಸೀಟಿನಲ್ಲಿ ಕೂತು, ಕಾಲು ಚಾಚಿ, ಕಡುಬಿನ ಪಾತ್ರೆಯನ್ನು ಪಕ್ಕದ ಸೀಟಿಗೂ ಹರಡಿದರು. ಮುದುಕರು ಬಂದರು, ತಮ್ಮ ಟಿಕೆಟ್ ನೋಡಿದರು, ಸೀಟು ನೋಡಿದರು, ಮತ್ತೆ ಟಿಕೆಟ್ ನೋಡಿದರು. "ಇಲ್ಲಿಂದ ಸಮುದ್ರ ಚೆನ್ನಾಗಿ ಕಾಣತ್ತೆ ಅಲ್ವೇ?" ಎಂದು ಕೇಳಿ, ತಾವು ಬಾಗಿಲ ಹತ್ತಿರ ನಿಂತುಕೊಂಡರು. ನಳಿನಿ ತನ್ನ ಸೀಟು ಬಿಟ್ಟುಕೊಡಲು ಓಡಿದಳು. ಮುದುಕರು ಅವಳಿಗೆ ಪೆಪ್ಪರಮಿಂಟು ಕೊಟ್ಟರು.

ಕಾಫಿಯ ಸಾಲಿನಲ್ಲಿ ವೇದಕ್ಕ ನೇರ ಮುಂದಕ್ಕೆ ಹೋಗಿ ನಿಂತರು. ಆ ದೇಶದಲ್ಲಿ ಅದಕ್ಕಿಂತ ದೊಡ್ಡ ಪಾಪವಿಲ್ಲ. ಸಾಲು ಪೂರ್ತಿ ಗರಬಡಿದಂತಾಯಿತು. ಹಿಂದಿದ್ದ ಗಡ್ಡದವನು ಉದ್ದಕ್ಕೆ ಉಸಿರು ಬಿಟ್ಟ.

"ಅವನು ಉಸ್ ಅಂದ, ವೇದಕ್ಕ! ಜೋರಾಗೇ ಅಂದ. ಸಾಕಲ್ವಾ?"

"ನಿಟ್ಟುಸಿರು ಬೈಗುಳ ಅಲ್ಲ ಕಣೇ. ನಮ್ಮೂರ ಸಂತೇಲಾಗಿದ್ರೆ ಇಷ್ಟೊತ್ತಿಗೆ ನನ್ನ ಮೂರು ತಲೆಮಾರು ಎತ್ತಾಡಿರ್ತಿದ್ರು. ಎಂಥಾ ದೇಶಕ್ಕೆ ಬಂದು ಸೇರ್ಕೊಂಡ್ವಿ!"

ಶುಕ್ರವಾರ ಬೆಳಿಗ್ಗೆ ವಿಸ್ಬಿಯಿಂದ ಹೊರಟ ಬಸ್ಸಿನಲ್ಲಿ ವೇದಕ್ಕ ನಿಲ್ಲಿಸುವ ಗುಂಡಿಯ ಪಕ್ಕದಲ್ಲೇ ಕೂತರು. ಪ್ರತಿ ನಿಲ್ದಾಣಕ್ಕೂ ಗುಂಡಿ ಒತ್ತುವುದು, ಬಸ್ಸು ನಿಂತಾಗ ಆಕಾಶ ನೋಡುವುದು. ಕುರಿಗಳು ಮೇಯುವ ಬಯಲಿನಲ್ಲಿ, ಹಳೆಯ ಚರ್ಚಿನ ಎದುರಿಗೆ, ಯಾರೂ ಇಲ್ಲದ ತಿರುವಿನಲ್ಲಿ ಬಸ್ಸು ನಿಂತೂ ನಿಂತೂ ಹೊರಟಿತು. ನಳಿನಿ ಶಾಲನ್ನು ತಲೆಯ ಮೇಲೆ ಎಳೆದುಕೊಂಡು ಬೇರೆ ಯಾರದೋ ಗೆಳತಿಯ ಹಾಗೆ ಕೂತಿದ್ದಳು. ಕೊನೆಗೆ ಡ್ರೈವರ್ ಎದ್ದು ಬಂದಳು. ದಪ್ಪ ತೋಳಿನ, ಕೆಂಪು ಮುಖದ ಹೆಂಗಸು. ವೇದಕ್ಕ ಖುಷಿಯಿಂದ ನೆಟ್ಟಗಾದರು.

"ಇಳಿಯೋ ಜಾಗ ಮರೆತುಹೋಗಿದೆಯಾ ಅಮ್ಮಾ? ಹೆದರಬೇಡಿ, ಎಲ್ಲಿಗೆ ಹೋಗಬೇಕು ಹೇಳಿ. ನಾನೇ ಇಳಿಸ್ತೀನಿ," ಎಂದು ಅವಳು ಭುಜ ತಟ್ಟಿದಳು. ಬಸ್ಸಿನವರೆಲ್ಲ ಕನಿಕರದಿಂದ ನೋಡಿದರು.

"ಅಯ್ಯೋ ನನ್ನ ಕರ್ಮವೇ," ಎಂದರು ವೇದಕ್ಕ ಕನ್ನಡದಲ್ಲಿ.

ಬಸ್ಸು ತಡವಾಗಿ ಫೋರೊಸುಂಡ್ ತಲುಪುವ ಹೊತ್ತಿಗೆ ಹಳದಿ ಫೆರಿ ಆಗಷ್ಟೇ ಹೊರಟಿತ್ತು. ಮುಂದಿನದಕ್ಕೆ ಕಾಯುತ್ತ, ಕಿವಿ ಕೀಳುವ ಗಾಳಿಯಲ್ಲಿ, ಐದು ತೆಂಗಿನಕಾಯಿಯ ಚೀಲ ಹಿಡಿದು ನಳಿನಿ ನಿಂತಳು. ಫೆರಿ ಬಂತು. ಹತ್ತಿದರು. ಕಾರುಗಳು ಸಾಲಾಗಿ ನಿಂತವು. ಆಚೆ ದಡ ಕಾಣುತ್ತಲೇ ಇತ್ತು. ಕಾಲು ಗಂಟೆಯೂ ಆಗದ ದಾರಿ. ನಳಿನಿ ತಿರುಗಿ ನೋಡಿದರೆ, ವೇದಕ್ಕನ ಕೈಯಲ್ಲಿ ದಡದಿಂದ ಎತ್ತಿಕೊಂಡು ಬಂದ ಬೆಣಚುಕಲ್ಲು. ಎದುರಿಗೆ ಫಳಫಳ ಹೊಳೆಯುವ ಹೊಸ ಕಾರಿನ ಚಾವಣಿ. ಕೈ ಮೇಲಕ್ಕೆ ಹೋಗಿತ್ತು.

ನಳಿನಿ ತೆಂಗಿನಕಾಯಿಯ ಚೀಲ ಕೆಳಗೆ ಬಿಟ್ಟಳು. ವೇದಕ್ಕನ ಮಣಿಕಟ್ಟು ಹಿಡಿದಳು.

"ಬುದ್ಧಿ ಇದೆಯಾ ನಿಮಗೆ? ವಯಸ್ಸಾಯ್ತಲ್ಲ, ನಾಚಿಕೆ ಆಗಲ್ವಾ? ನಿನ್ನೆಯಿಂದ ನೋಡ್ತಿದೀನಿ, ಆ ಮುದುಕರ ಸೀಟು ಕಿತ್ಕೊಂಡ್ರಿ, ಬಸ್ಸು ಹಾಳುಮಾಡಿದ್ರಿ, ಈಗ ಪೊಲೀಸ್ ಸ್ಟೇಷನ್ ಒಂದು ಬಾಕಿ! ಮೊಮ್ಮಗಳು ಬೇಕು, ಮೊಮ್ಮಗಳು ಬೇಕು ಅಂತ ಬಡ್ಕೋತೀಯಲ್ಲ, ಅದಕ್ಕೋಸ್ಕರ ಒಂದು ದಿನ, ಒಂದೇ ದಿನ ಕೈಕಟ್ಟಿಕೊಂಡು ಕೂರಕ್ಕಾಗಲ್ವಾ ನಿನಗೆ? ದೀಪ್ತಿ ಹೇಳಿದ್ರಲ್ಲಿ ಏನು ತಪ್ಪು? ನಾನಾಗಿದ್ರೆ ಮಗೂನಲ್ಲ, ಬೆಕ್ಕನ್ನೂ ನಿನ್ನ ಹತ್ರ ಬಿಡ್ತಿರ್ಲಿಲ್ಲ! ಇಷ್ಟು ವರ್ಷ ನಿನ್ನ ಬ್ಯಾಗು ಹೊತ್ತು ಹೊತ್ತು ನನ್ನ ಭುಜ ಬಿದ್ದುಹೋಯ್ತು. ಒಂದು ದಿನ, ನಿಂಗೆ ನೋಯ್ತಾ ಅಂತ ಕೇಳಿದೀಯಾ?"

ಫೆರಿಯಲ್ಲಿದ್ದವರೆಲ್ಲ ಒಟ್ಟಿಗೆ ಸಮುದ್ರದ ಕಡೆ ತಿರುಗಿ ನಿಂತರು. ವೇದಕ್ಕನ ಕಣ್ಣು ತುಂಬಿತ್ತು. ಮುಖ ಅರಳಿತ್ತು.

"ಇನ್ನೊಂಚೂರು ಬೈಯೇ," ಎಂದರು.

ನಳಿನಿ ಆಗಷ್ಟೇ ತಾನು ಏಕವಚನಕ್ಕೆ ಇಳಿದದ್ದನ್ನು ಗಮನಿಸಿ ಬಾಯಿ ಮುಚ್ಚಿಕೊಂಡಳು. ವೇದಕ್ಕ ಕಲ್ಲನ್ನು ನೀರಿಗೆ ಎಸೆದರು. ಬಗ್ಗಿ ತೆಂಗಿನಕಾಯಿಯ ಚೀಲವನ್ನು ತಾವೇ ಎತ್ತಿಕೊಂಡರು.

"ನಂದು ಕಳೀತು. ಇಪ್ಪತ್ತು ವರ್ಷದ್ದೂ ಸೇರಿ ಕಳೀತು." ಚೀಲವನ್ನು ಇನ್ನೊಂದು ಕೈಗೆ ಬದಲಿಸಿ ಕೇಳಿದರು, "ಅದ್ಸರಿ, ಚಂದ್ರನ್ನ ತೋರಿಸಿದೋಳು ನೀನು. ನಿನ್ನದು ಹೆಂಗೆ?"

"ನನ್ನನ್ನ ಯಾರು ಬೈತಾರೆ ವೇದಕ್ಕ? ನನ್ನ ಮೇಲೆ ಯಾರಿಗೆ ಅನುಮಾನ ಬರತ್ತೆ?"

"ಅದೇ ನೋಡು ಕಷ್ಟ," ಎಂದರು ವೇದಕ್ಕ. ದಡ ಮುಟ್ಟುವವರೆಗೂ ಯೋಚಿಸುತ್ತ ನಿಂತಿದ್ದರು.

ಶನಿವಾರ ಸಂದೀಪನ ಮನೆಯಲ್ಲಿ ವಿಸ್ಬಿಯ ಮೂರು ಕುಟುಂಬಗಳು ಸೇರಿದ್ದವು. ವೇದಕ್ಕ ಬೆಳಿಗ್ಗೆಯಿಂದ ಕಡುಬು ಬೇಯಿಸುತ್ತ, ಕೇಳಿದ್ದಕ್ಕಷ್ಟೇ ಉತ್ತರ ಕೊಡುತ್ತ, ಬೇರೆ ಯಾರೋ ಆಗಿದ್ದರು. ದೀಪ್ತಿ ನಳಿನಿಯನ್ನು ಪಕ್ಕಕ್ಕೆ ಕರೆದು, "ಅತ್ತೆಗೆ ಹುಷಾರಿಲ್ವಾ ಆಂಟಿ?" ಎಂದು ಕೇಳಿದಳು. ನಳಿನಿಗೆ ಸಮಾಧಾನವಾಯಿತು. ಇನ್ನೇನು, ಗೆದ್ದ ಹಾಗೆಯೇ.

ಮಂಗಳಾರತಿಯ ಹೊತ್ತಿಗೆ ಗಂಟೆ ಕಾಣಿಸಲಿಲ್ಲ. ವೇದಕ್ಕನ ಅತ್ತೆಯ ಕಾಲದ ಹಿತ್ತಾಳೆಯ ಗಂಟೆ. ಬೆಳಿಗ್ಗೆ ದೇವರ ಮುಂದೆಯೇ ಇತ್ತು. ಮಂಟಪದ ಹಿಂದೆ ಹುಡುಕಿದರು, ಹೂವಿನ ಬುಟ್ಟಿ ಮಗುಚಿದರು. ಆರತಿ ತಟ್ಟೆ ಹಿಡಿದ ಸಂದೀಪ ನಿಧಾನವಾಗಿ ತಿರುಗಿ ತಾಯಿಯನ್ನು ನೋಡಿದ. ಅವನ ಹಿಂದೆಯೇ ಎಲ್ಲರೂ ನೋಡಿದರು.

"ಅಮ್ಮಾ…"

"ನನ್ನಾಣೆ, ನನ್ನ ಹತ್ರ ಇಲ್ಲ ಕಣೋ." ವೇದಕ್ಕ ಸೆರಗು ಕೊಡವಿದರು. ಬ್ಯಾಗು ತಂದು ಬೋರಲು ಹಾಕಿದರು. ಬಾಚಣಿಗೆ, ಮಂಡಿನೋವಿನ ಮುಲಾಮು, ಬಸ್ ಟಿಕೆಟ್ಟುಗಳು ಬಿದ್ದವು. ಗಂಟೆ ಇರಲಿಲ್ಲ. ದೀಪ್ತಿಯ ಹುಬ್ಬು ಇಳಿಯಲಿಲ್ಲ.

ಆರತಿ ಆರಿಹೋಗುತ್ತದಲ್ಲ ಎಂದು ನಳಿನಿ ಕರ್ಪೂರ ತೆಗೆಯಲು ಮೂಲೆಯಲ್ಲಿದ್ದ ತನ್ನ ಬ್ಯಾಗನ್ನು ಎತ್ತಿದಳು.

ಠಣ್!

ಎಲ್ಲರೂ ಅತ್ತ ತಿರುಗಿದರು. ನಳಿನಿ ಬ್ಯಾಗನ್ನು ಅಲುಗಾಡದಂತೆ ಹಿಡಿದಳು. ಆದರೂ ಒಂದು ಸಣ್ಣ ಠಿಣ್ ಬಂತು. ಅವಳು ವೇದಕ್ಕನನ್ನು ನೋಡಿದಳು. ವೇದಕ್ಕ ಗೋಡೆಯ ಗಡಿಯಾರ ನೋಡುತ್ತಿದ್ದರು. ಕಿವಿ ಮಾತ್ರ ಕೆಂಪಾಗಿತ್ತು.

ನಳಿನಿಗೆ ಎಲ್ಲ ತಿಳಿಯಿತು. ತನ್ನ ಮೇಲೂ ಒಂದು ಅಪವಾದ ಬಂದು ಚೌತಿಯ ದೋಷ ಕಳೆಯಲೆಂದು ಈ ಮಹಾತಾಯಿ ಮೊಮ್ಮಗಳನ್ನೇ ಪಣಕ್ಕಿಟ್ಟು ಕೂತಿದ್ದಾರೆ. ಸತ್ಯ ಹೇಳಿದರೆ ಪುಟ್ಟ ಮಂಚ ಖಾಲಿ.

"ದೀಪ್ತಿ, ಅದು…" ಎಂದು ವೇದಕ್ಕ ಬಾಯಿ ತೆರೆದರು. ಮುಖ ನೋಡಿದರೆ ಒಪ್ಪಿಕೊಳ್ಳಲೇ ಹೊರಟಿದ್ದರು. ನಳಿನಿ ಪಕ್ಕಕ್ಕೆ ಹೋಗಿ ಅವರ ಕಾಲನ್ನು ಗಟ್ಟಿಯಾಗಿ ತುಳಿದಳು.

"ನಾನೇ ತಗೊಂಡೆ," ಎಂದಳು. ಜೀವಮಾನದಲ್ಲಿ ಅವಳು ಹೇಳಿದ ಮೊದಲ ದೊಡ್ಡ ಸುಳ್ಳು. ಹೇಗೆ ಮುಂದುವರಿಸುವುದು ಎಂದು ಹೊಳೆಯಲಿಲ್ಲ. "ಚೆನ್ನಾಗಿತ್ತು. ಅದಕ್ಕೆ."

"ಅಯ್ಯೋ ನಳಿನಿ, ನೀವಾ!" ಎಂದು ವಿಸ್ಬಿಯ ಜಾನಕಿ ಗಲ್ಲಕ್ಕೆ ಕೈ ಇಟ್ಟುಕೊಂಡರು. "ಕೇಳಿದ್ರೆ ಕೊಡ್ತಿರ್ಲಿಲ್ವೇನ್ರೀ? ದೇವರ ಗಂಟೆಗೇ ಕೈ ಹಾಕೋದಾ!"

ಸಂದೀಪ ತಾಯಿಯ ಬಳಿ ಬಂದು, "ಸಾರಿ ಅಮ್ಮ, ಸುಮ್ನೆ ನಿನ್ನ ಮೇಲೆ ಅನುಮಾನ ಪಟ್ಟೆ," ಎಂದ. ದೀಪ್ತಿಗೂ ಪಾಪ ಅನ್ನಿಸಿತು. ಊಟ ಬಡಿಸುವಾಗ ಅವಳೇ, "ಅಕ್ಟೋಬರಿಗೆ ಚಾರ್ವಿಯ ಸ್ವೆಟರ್ ಎಷ್ಟು ಇಡ್ಲಿ ಅತ್ತೆ?" ಎಂದು ಕೇಳಿದಳು. ಜಾನಕಿಯವರು ಊಟ ಮುಗಿಯುವ ಮೊದಲೇ ವಾಟ್ಸಾಪಿನಲ್ಲಿ ಬೆರಳಾಡಿಸುತ್ತಿದ್ದರು. ಸುದ್ದಿ ಸೋಮವಾರದೊಳಗೆ ನಾರ್‌ಶೋಪಿಂಗ್, ಬುಧವಾರಕ್ಕೆ ಯೋನ್‌ಶೋಪಿಂಗ್ ಮುಟ್ಟಿತು. ಇವತ್ತಿಗೂ ಅಲ್ಲಿ ಕೆಲವರು ನಳಿನಿ ಬಂದರೆ ಬೆಳ್ಳಿ ಕುಂಕುಮದ ಬಟ್ಟಲನ್ನು ಒಳಗಿಡುತ್ತಾರೆ.

ವಾಪಸು ಹಳದಿ ಫೆರಿಯಲ್ಲಿ ವೇದಕ್ಕ ಕುಂಟುತ್ತಿದ್ದರು.

"ಅಷ್ಟು ಜೋರಾಗಿ ತುಳಿಯೋದಾ?"

"ಅಪವಾದ ಪೂರ್ತಿ ಹೋಗ್ಲಿ ಅಂತ," ಎಂದಳು ನಳಿನಿ.

ಇಬ್ಬರೂ ನಕ್ಕ ನಗೆಗೆ ಕಾರಿನಲ್ಲಿದ್ದವರು ಗಾಜು ಏರಿಸಿಕೊಂಡರು.

ಅಕ್ಟೋಬರ್ ಪೂರ್ತಿ ಚಾರ್ವಿ ಓಲಾಂಡಿನಲ್ಲಿದ್ದಳು. ಅಜ್ಜಿ ಮೊಮ್ಮಗಳು ದಿನಾ ಬಸ್ಸಿನಲ್ಲಿ ಸೇತುವೆ ದಾಟಿ ಹೋಗಿ, ಏನೂ ಕೆಲಸವಿಲ್ಲದೆ ವಾಪಸು ಬರುತ್ತಿದ್ದರು. ಫೆಬ್ರುವರಿಯಲ್ಲಿ, ಡಾಗಿಸ್‌ನ ಅಡುಗೆಮನೆಯಲ್ಲಿ, ಫಿಕಾದ ತಟ್ಟೆ ತೊಳೆಯುತ್ತಿದ್ದಾಗ ವೇದಕ್ಕನ ಹೃದಯ ನಿಂತುಹೋಯಿತು. ಯಾರಿಗೂ ಏನೂ ಹೇಳಲಿಲ್ಲ, ಯಾರನ್ನೂ ಕಾಯಿಸಲಿಲ್ಲ. ಅಲ್ಲಿಯವರು ಮೊದಲು ಅದನ್ನೂ ತಮಾಷೆ ಎಂದುಕೊಂಡರು.

ಮುಂದಿನ ಚೌತಿ ಸೋಮವಾರ ಬಂತು. ಸಂದೀಪನ ಮನೆಯಲ್ಲಿ ತಾಯಿ ತೀರಿದ ವರ್ಷ ಹಬ್ಬವಿಲ್ಲ. ಆದರೂ ಚಾರ್ವಿ ಕೇಳುತ್ತಾಳೆ, ಬಂದು ಹೋಗಿ ಆಂಟಿ, ಎಂದು ದೀಪ್ತಿ ಕರೆದಿದ್ದಳು. ನಳಿನಿ ಈ ಸಲ ಪಂಚಾಂಗ ನೋಡಿಯೇ ಹೊರಟಳು. ಹಡಗಿನ ಹಿಂಬದಿಯ ಡೆಕ್ಕಿನಲ್ಲಿ ನಿಂತು ಚಂದ್ರನನ್ನು ನೆಟ್ಟ ಕಣ್ಣಿನಿಂದ ನೋಡಿದಳು. ಅವನು ಮುಳುಗುವವರೆಗೂ ನೋಡಿದಳು. ಆಮೇಲೆ ಒಳಗೆ ಹೋಗಿ ಕಾಫಿಯ ಸಾಲಿನಲ್ಲಿ ಎಲ್ಲರಿಗಿಂತ ಮುಂದೆ ನಿಂತಳು. ಹಿಂದೆ ಯಾರೋ ಉದ್ದಕ್ಕೆ ಉಸಿರು ಬಿಟ್ಟರು.

"ನಿಟ್ಟುಸಿರು ಬೈಗುಳ ಅಲ್ಲ," ಎಂದು ನಳಿನಿ ಕನ್ನಡದಲ್ಲೇ ಹೇಳಿದಳು. ಹೇಳಿ, ಅಲ್ಲೇ ಅತ್ತಳು. ಸಾಲಿನವರು ಅವಳ ಕಾಫಿಯ ದುಡ್ಡನ್ನೂ ತಾವೇ ಕೊಟ್ಟರು.

ಎರಡು ದಿನ ಫೋರೊದಲ್ಲಿದ್ದಳು. ಪೂಜೆಯಿಲ್ಲದ ಮನೆಯಲ್ಲಿ ಹೆಚ್ಚು ಮಾತೂ ಇರಲಿಲ್ಲ. ಹೊರಡುವ ಬೆಳಿಗ್ಗೆ ಸಂದೀಪ ಕಾರು ತೆಗೆದ. ದೀಪ್ತಿ ಡಬ್ಬಿ ಕಟ್ಟಿಕೊಟ್ಟಳು. ಚಾರ್ವಿ ಮೆಟ್ಟಿಲ ಮೇಲೆ ಕೈಕಟ್ಟಿ ಕೂತು ಆಕಾಶ ನೋಡುತ್ತಿದ್ದಳು. ಆ ವಯಸ್ಸಿನ ಮಗು ಅಷ್ಟು ಸುಮ್ಮನೆ ಕೂರುವುದುಂಟೇ ಎಂದುಕೊಳ್ಳುತ್ತ ನಳಿನಿ ತನ್ನ ಬ್ಯಾಗನ್ನು ಎತ್ತಿದಳು.

ಠಣ್!

ಚಾರ್ವಿ ಆಕಾಶದಿಂದ ಕಣ್ಣು ತೆಗೆಯಲಿಲ್ಲ. ಕಿವಿ ಮಾತ್ರ ಕೆಂಪಾಗಿತ್ತು.

"ಏನದು ಸದ್ದು?" ಎಂದು ದೀಪ್ತಿ ಒಳಗಿನಿಂದ ಬಂದಳು. "ಗಂಟೆಯಾ? ಯಾರು ತಗೊಂಡಿದ್ದು?"

"ನಾನೇ," ಎಂದಳು ನಳಿನಿ. "ಚೆನ್ನಾಗಿತ್ತು. ಅದಕ್ಕೆ."